ಕೈ ಹೇಳಿದ್ದನ್ನು ಕಣ್ಣು ಒಪ್ಪಬೇಕು

ಮಗಳು ಭರತನಾಟ್ಯ ಕಲೀತಿದ್ದಾಳೆ ಅಂದ ಕೂಡಲೇ ನೆಂಟರು ಕೇಳೋದು, "ಎಲ್ಲಿ, ಒಂದು ಡ್ಯಾನ್ಸ್ ಮಾಡಮ್ಮ ನೋಡೋಣ." ಮಗು ನಾಲ್ಕು ಅಡವು ಹಾಕಿದರೆ ಚಪ್ಪಾಳೆ. ಅದೇ ಮಗು ಒಂದೇ ಕಡೆ ಕೂತು, ಬೆಣ್ಣೆ ಕದ್ದ ಕೃಷ್ಣನನ್ನು ಗದರಿಸುವ ಯಶೋದೆಯಾದರೆ? "ಡ್ಯಾನ್ಸ್ ಯಾವಾಗ ಶುರು?" ಅಂತ ಕೇಳುವವರೇ ಹೆಚ್ಚು. ಆದರೆ ಅದೂ ನೃತ್ಯವೇ. ಅದರ ಹೆಸರು ಅಭಿನಯ.

ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕು ಬಗೆ ಮಾಡುತ್ತದೆ. ಮೈ-ಕೈಗಳದ್ದು ಆಂಗಿಕ, ಮಾತು-ಹಾಡಿನದ್ದು ವಾಚಿಕ, ವೇಷಭೂಷಣದ್ದು ಆಹಾರ್ಯ, ಒಳಗಿನ ಭಾವದ್ದು ಸಾತ್ತ್ವಿಕ. 'ಅಭಿನಯ ದರ್ಪಣ' ಒಂಟಿ ಕೈಯ 28 ಮುದ್ರೆಗಳನ್ನು ಹೇಳುತ್ತದೆ. ಮೊದಲನೆಯದು ಪತಾಕ. ಬೆರಳೆಲ್ಲ ಜೋಡಿಸಿ ಅಂಗೈ ಚಾಚಿದರೆ ಅದೇ ಮೋಡ, ಅದೇ ನದಿ, ಅದೇ ಕಾಡು, "ಬೇಡ" ಅನ್ನೋದೂ ಅದೇ. ನಾವು ಸಾಫ್ಟ್‌ವೇರ್‌ನವರು ಒಂದು ಹೆಸರಿಗೆ ಎರಡು ಅರ್ಥ ಬಂದರೆ ತಲೆ ಕೆಡಿಸಿಕೊಳ್ತೀವಿ. ಇಲ್ಲಿ ಕೈ ಒಂದೇ, ಅರ್ಥ ಹತ್ತಾರು. ಯಾವುದು ಅಂತ ತೀರ್ಮಾನಿಸೋದು ಕಣ್ಣು, ಮುಖ, ಹಿಂದೆ ಕೇಳುವ ಹಾಡು.

ಹಾಡಿನ ಒಂದೇ ಸಾಲನ್ನು ಗಾಯಕರು ಮತ್ತೆ ಮತ್ತೆ ಹಾಡುವಾಗ, ಕಲಾವಿದೆ ಪ್ರತಿ ಸಲ ಬೇರೆ ಅರ್ಥ ಬಿಡಿಸುತ್ತಾಳೆ. ಇದಕ್ಕೆ ಸಂಚಾರಿ ಅಂತಾರೆ. ಮಗನನ್ನು ಕರೆಯುವ ಸಾಲು ಒಮ್ಮೆ ಮುದ್ದು, ಒಮ್ಮೆ ಹುಸಿಕೋಪ, ಒಮ್ಮೆ ಕಾಣದ ಮಗುವಿಗಾಗಿ ಆತಂಕ. ಅರ್ಧ ನಿಮಿಷದ ರೀಲ್ಸ್‌ನಲ್ಲಿ ಇದಕ್ಕೆಲ್ಲ ಜಾಗವೆಲ್ಲಿ?

ಇದಕ್ಕೆ ಹೆಸರಾದದ್ದು ನಮ್ಮ ಮೈಸೂರು. ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ 1906ರಲ್ಲಿ ಹುಟ್ಟಿದ್ದು ಕಡೂರು ಕಡೆಯ ತಂಗಲಿ ತಾಂಡಾದಲ್ಲಿ, ಲಂಬಾಣಿ ಮನೆಯಲ್ಲಿ. ಎಂಟರ ವಯಸ್ಸಿಗೇ ತಾಯಮ್ಮನವರ ಬಳಿ ಬಂದರು. ಮುಂದೆ ಅರಮನೆಯ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ತೆರೆದಾಗ ಅಲ್ಲಿ ಪಾಠ ಹೇಳಿದರು. 1992ರಲ್ಲಿ ಪದ್ಮಭೂಷಣ ಬಂತು. ಅವರು ಕಲಿತದ್ದು ಬರೀ ಕುಣಿತವಲ್ಲ, ಪಂಡಿತರ ಬಳಿ ಸಂಸ್ಕೃತ, ವಿದ್ವಾಂಸರ ಬಳಿ ಸಂಗೀತ. ಪದದ ಅರ್ಥ ಗೊತ್ತಿಲ್ಲದಿದ್ದರೆ ಮುಖದಲ್ಲಿ ಏನು ಮೂಡೀತು?

ಇವತ್ತಿನ ಕೊರತೆಯೂ ಇದೇ ಅಂತ ನನಗನ್ನಿಸುತ್ತೆ. ಎಷ್ಟೋ ಮಕ್ಕಳು ತೆಲುಗು, ತಮಿಳು ಪದಗಳಿಗೆ ಅರ್ಥ ತಿಳಿಯದೆ ಅಭಿನಯಿಸುತ್ತಾರೆ. ಟೀಚರ್ ಹುಬ್ಬು ಹಾರಿಸಿದ ಕಡೆ ಹುಬ್ಬು, ನಕ್ಕ ಕಡೆ ನಗು. ಅದು ಗುರುವಿನ ಮುಖದ ನಕಲು.

ಈ ವಿಷಯದಲ್ಲಿ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮಕ್ಕಳು ಅದೃಷ್ಟವಂತರು. ವರವು ಕಾವಲ್‌ನಂಥ ಹುಲ್ಲುಗಾವಲುಗಳ ಈ ಗಡಿನಾಡಿನಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡೋ ಕುಟುಂಬಗಳು ಬೇಕಾದಷ್ಟಿವೆ. ಕ್ಷೇತ್ರಯ್ಯನ ಪದಗಳ ಭಾಷೆ ಅದೇ ತೆಲುಗು. ಹಳೇ ಪದಗಳನ್ನು ಯಾರಾದರೂ ಬಿಡಿಸಿ ಹೇಳಬೇಕು, ನಿಜ. ಆದರೆ "ರಾ" ಅಂತ ಅಜ್ಜಿ ಪ್ರೀತಿಯಿಂದ ಕರೆಯೋದಕ್ಕೂ ಸಿಟ್ಟಿನಿಂದ ಕರೆಯೋದಕ್ಕೂ ಇರೋ ವ್ಯತ್ಯಾಸವನ್ನು ಈ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ.

ಬಯಲಾಟದ ಪರಂಪರೆಯೂ ಇಲ್ಲುಂಟು. ರಾತ್ರಿಯಿಡೀ ಬಯಲಲ್ಲಿ ಕೂತ ಕೊನೇ ಸಾಲಿನವನಿಗೂ ಕಾಣಬೇಕು, ಹಾಗಾಗಿ ಅಲ್ಲಿ ಹೆಜ್ಜೆ ದೊಡ್ಡದು, ದನಿ ದೊಡ್ಡದು, ಕಿರೀಟ ದೊಡ್ಡದು. ಅರಮನೆಯ ಅಭಿನಯ ಹತ್ತಿರ ಕೂತು ನೋಡೋರಿಗಾಗಿ ಬೆಳೆದದ್ದು, ಕಣ್ಣಂಚಿನ ಚಲನೆಯೇ ಅಲ್ಲಿ ದೊಡ್ಡ ಸುದ್ದಿ. ಒಂದು ಹೆಚ್ಚು, ಇನ್ನೊಂದು ಕಡಿಮೆ ಅಂತಲ್ಲ. ಎರಡೂ ಕಥೆ ಹೇಳುತ್ತವೆ, ಅಳತೆ ಬೇರೆ.

ಮಕ್ಕಳನ್ನು ನೃತ್ಯಕ್ಕೆ ಕಳಿಸುವ ಅಪ್ಪ-ಅಮ್ಮಂದಿರಲ್ಲಿ ಒಂದು ಕೋರಿಕೆ. ಹೊಸ ಹಾಡು ಶುರುವಾದಾಗ, "ಈ ಹಾಡಿನಲ್ಲಿ ಯಾರು ಯಾರಿಗೆ ಏನು ಹೇಳ್ತಿದ್ದಾರೆ, ಯಾಕೆ?" ಅಂತ ಮಗುವನ್ನು ಕೇಳಿ. ಉತ್ತರ ಬರದಿದ್ದರೆ ಗುರುಗಳನ್ನು ಕೇಳಿ ಬರಲು ಹೇಳಿ. ಕಥೆ ಅದರ ಸ್ವಂತ ಮಾತಿನಲ್ಲಿ ಬಂದಮೇಲೆ, ಎದುರಿಗೆ ಕೂತು ಐದು ನಿಮಿಷ ಮೊಬೈಲ್ ಎತ್ತದೆ ನೋಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡೋರು ಒಬ್ಬರಿದ್ದರೂ ಸಾಕು, ಅಭಿನಯ ಬದುಕುತ್ತೆ.