ರಹೀಂ ಸಾಹೇಬರ ಮಗ

1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತದ ಫುಟ್‌ಬಾಲ್ ತಂಡದಲ್ಲಿ ಅಪ್ಪ ತರಬೇತುದಾರ, ಮಗ ಆಟಗಾರ. ಹಂಗರಿಗೆ 1–2ರಿಂದ ಸೋತೆವು, ಫ್ರಾನ್ಸ್ ಜತೆ 1–1 ಸಮ ಮಾಡಿಕೊಂಡೆವು, ಪೆರುವಿಗೆ 1–3ರಿಂದ ಮಣಿದೆವು. ಮೂರರಲ್ಲಿ ಒಂದು ಪಂದ್ಯಕ್ಕೂ ಅಪ್ಪ ಮಗನನ್ನು ಮೈದಾನಕ್ಕೆ ಇಳಿಸಲಿಲ್ಲ. ಆಟದ ನಡುವೆ ಬದಲಿ ಆಟಗಾರರನ್ನು ಕಳಿಸುವ ಪದ್ಧತಿ ಆಗ ಇರಲಿಲ್ಲ. ಮೊದಲ ಹನ್ನೊಂದರಲ್ಲಿ ಹೆಸರಿಲ್ಲ ಎಂದರೆ ಕೂತು ನೋಡುವುದೇ. ಎರಡು ವರ್ಷದ ಮೇಲೆ ಜಕಾರ್ತದ ಏಷ್ಯನ್ ಗೇಮ್ಸ್‌ಗೆ ತಂಡ ಹೊರಟಾಗ ಮಗನಿಗೆ ಕೂದಲೆಳೆಯಲ್ಲಿ ಸ್ಥಾನ ತಪ್ಪಿತು. ಆ ತಂಡ ಚಿನ್ನ ಗೆದ್ದು ಬಂತು.

ಅಪ್ಪ ಸೈಯದ್ ಅಬ್ದುಲ್ ರಹೀಂ. ಅಜಯ್ ದೇವಗನ್ ಅಭಿನಯದ ‘ಮೈದಾನ್’ ಚಿತ್ರ 2024ರಲ್ಲಿ ಬಂದ ಮೇಲೆ ಅವರ ಹೆಸರು ನಮ್ಮ ಬೀದರಿನ ಹುಡುಗರ ಬಾಯಲ್ಲೂ ಒಂದಷ್ಟು ದಿನ ಓಡಾಡಿತು. ಮಗ ಸೈಯದ್ ಶಾಹಿದ್ ಹಕೀಂ. ಅವರು ಆ ಚಿತ್ರ ತೆರೆಗೆ ಬರುವುದನ್ನು ನೋಡಲಿಲ್ಲ. ಪಾರ್ಶ್ವವಾಯು ಬಡಿದು 2021ರ ಆಗಸ್ಟ್ 22ರಂದು, 82ನೇ ವಯಸ್ಸಿನಲ್ಲಿ, ನಮ್ಮ ಪಕ್ಕದ ಕಲಬುರಗಿಯ ಆಸ್ಪತ್ರೆಯಲ್ಲೇ ತೀರಿಕೊಂಡರು. ಒಲಿಂಪಿಕ್ಸ್ ತಂಡದಲ್ಲಿದ್ದ ಮನುಷ್ಯ ಇಷ್ಟು ಹತ್ತಿರ ಬಂದು ಕಣ್ಣು ಮುಚ್ಚಿದರೂ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಲ್ಲ ಎಂಬುದೇ ನನ್ನನ್ನು ಈ ಮನೆತನದ ಬೆನ್ನು ಹತ್ತಿಸಿದ್ದು.

ಭಾಲ್ಕಿಯ ಹಿರಿಯರೊಬ್ಬರ ಮುಂದೆ ರಹೀಂ ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಮಾತು ತೆಗೆದೆ. “ಅದು ನಮ್ದೇ ಟೀಮ ಇತ್ರಿ” ಅಂದರು. “ಹೈದ್ರಾಬಾದಂದ್ರ ಆವಾಗ ಪರರಾಜ್ಯ ಇದ್ದಿಲ್ಲ. ನಮ್ ರಾಜಧಾನಿನೇ ಇತ್ತು. ಓದ್ಲಾಕ ಹೋದೋರು ಮ್ಯಾಚ್ ನೋಡ್ಕೊಂಡು ಬರ್ತಿದ್ರು, ಬಂದು ನಮಗ ಹೇಳ್ತಿದ್ರು.” ಬೀದರ್, ಭಾಲ್ಕಿಯವರಿಗೆ ವಿಕಾರಾಬಾದ್ ಕಡೆಯ ರೈಲಿತ್ತು, ಔರಾದಿನವರು ಇತ್ತ ಬಂದು ಅದನ್ನೇ ಹತ್ತಬೇಕಿತ್ತು. ಓದು, ಕೋರ್ಟು, ಮದುವೆ ಜವಳಿ, ಎಲ್ಲಕ್ಕೂ ಹೈದರಾಬಾದೇ. ಹಾಗಿರುವಾಗ ಫುಟ್‌ಬಾಲ್ ಅಭಿಮಾನ ಮಾತ್ರ ಬೇರೆ ಊರಿಗೆ ಹೋಗುತ್ತದೆಯೇ?

ಆ ತಂಡವಾದರೂ ಎಂಥದ್ದು! 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಬೇರೆಯವರ ಕೈಗೆ ಹೋಗಲಿಲ್ಲ. 1950ರಲ್ಲೇ ಮೋಹನ್ ಬಾಗಾನ್‌ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್ಪನ್ನೂ ತಂದರು. ಕೋಲ್ಕತ್ತದವರು ಫುಟ್‌ಬಾಲ್ ತಮ್ಮದೇ ಸ್ವತ್ತು ಎಂದುಕೊಂಡಿದ್ದ ಕಾಲವದು. ನೂರ್ ಮಹಮ್ಮದ್, ಅಜೀಜುದ್ದೀನ್, ಲತೀಫ್, ಜುಲ್ಫಿಕರುದ್ದೀನ್, ತುಳಸಿದಾಸ್ ಬಲರಾಮ್: 1956ರ ಮೆಲ್ಬರ್ನ್ ಒಲಿಂಪಿಕ್ಸ್ ತಂಡದಲ್ಲಿ ಹೈದರಾಬಾದಿನ ಗಲ್ಲಿಗಳಿಂದ ಬಂದ ಹುಡುಗರೇ ಸಾಲುಸಾಲು.

ಇವರನ್ನು ತಿದ್ದಿದ ರಹೀಂ ವೃತ್ತಿಯಲ್ಲಿ ಶಾಲಾ ಮೇಷ್ಟ್ರು. 1909ರಲ್ಲಿ ಹುಟ್ಟಿ, ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳಿ, ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡವರು. ಅವರ ಕಲಿಸುವ ಬಗೆಯಲ್ಲಿ ನನಗೆ ತುಂಬ ಹಿಡಿಸಿದ್ದು ದುರ್ಬಲ ಕಾಲಿನ ಪಂದ್ಯಾವಳಿ. ಬಲಗಾಲಿನವರು ಎಡಗಾಲಿನಿಂದಷ್ಟೇ ಆಡಬೇಕು. ಹುಡುಗನ ಬಲಕ್ಕೆ ಚೆಂಡು ಬರುತ್ತದೆ, ಅಭ್ಯಾಸಬಲದಿಂದ ಬಲಗಾಲು ಏಳುತ್ತದೆ, ಹಾಗಾಗುವಂತಿಲ್ಲ. ಮೈಯನ್ನೇ ತಿರುಗಿಸಿ, ಎರಡು ಹೆಜ್ಜೆ ಹೊಂದಿಸಿಕೊಂಡು ಎಡಗಾಲನ್ನು ಮುಂದೆ ತರಬೇಕು. ಮೊದಮೊದಲು ಚೆಂಡು ಎಲ್ಲೆಲ್ಲೋ ಹೋಗುತ್ತದೆ, ಸುತ್ತ ನಿಂತವರು ನಗುತ್ತಾರೆ. ಬರಬರುತ್ತ ಎದುರಾಳಿಗೆ ಇವನು ಯಾವ ಕಡೆ ತಿರುಗುತ್ತಾನೆಂದು ಊಹಿಸಲಾಗದ ಹಾಗೆ ಆಗುತ್ತದೆ. ಡ್ರಿಬ್ಲಿಂಗ್ ಮಾಡಲೇಬಾರದು ಎಂಬ ಪಂದ್ಯಾವಳಿಯನ್ನೂ ನಡೆಸುತ್ತಿದ್ದರು: ಚೆಂಡು ಕಾಲಿಗೆ ಸಿಕ್ಕಿತೋ, ಜೊತೆಗಾರನಿಗೆ ದಾಟಿಸು. ಒಬ್ಬನೇ ಮೆರೆಯುವ ಚಟಕ್ಕೆ ಅದು ಮದ್ದು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಚ್ಚಿನವರು ಬರಿಗಾಲಲ್ಲಿ ಆಡಿ ಯುಗೊಸ್ಲಾವಿಯಕ್ಕೆ 1–10ರಿಂದ ಸೋತಾಗಲೂ ತರಬೇತುದಾರ ರಹೀಮರೇ. ನಮ್ಮ ದೇಶೀ ಪಂದ್ಯಗಳು ಆಗ 70 ನಿಮಿಷದವು, ಹೊರದೇಶದಲ್ಲಿ ಆಟ 90 ನಿಮಿಷ. ಕೊನೆಯ ಇಪ್ಪತ್ತು ನಿಮಿಷ ನಮ್ಮ ಹುಡುಗರ ಕಾಲಿಗೆ ಹೊಸತು. ಬೂಟು ಬಂತು, ನಾಲ್ಕೇ ವರ್ಷದಲ್ಲಿ ಮೆಲ್ಬರ್ನ್ ಬಂತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು, ಆಸ್ಟ್ರೇಲಿಯಾ 4–2ರಿಂದ ಸೋತಿತು, ಭಾರತ ಸೆಮಿಫೈನಲ್ ತಲುಪಿತು.

ಆ ಗೆಲುವಿನ ದಿನ 1956ರ ಡಿಸೆಂಬರ್ 1. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ನವೆಂಬರ್ 1ರಂದು, ಹೈದರಾಬಾದ್ ರಾಜ್ಯವೇ ಇಲ್ಲವಾಗಿತ್ತು. ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಗಿ ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ಭಾಷೆಯವರು ಒಂದಾದದ್ದು ಒಳ್ಳೆಯದೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ತಂಡ ಅಲ್ಲೇ ಉಳಿಯಿತು. 1957–58ರಲ್ಲಿ ಸಂತೋಷ್ ಟ್ರೋಫಿ ಗೆದ್ದ ತಂಡ ಇನ್ನೂ ಹೈದರಾಬಾದ್ ಹೆಸರಿನಲ್ಲೇ ಆಡಿತ್ತು. ನಮಗೆ ಮಾತ್ರ ಅದು ಆಗಲೇ ನೆರೆಯವರ ಟ್ರೋಫಿ. ಬೆಂಗಳೂರಿನ ಆಟಗಾರರು ನಮ್ಮವರಾದರು ನಿಜ, ಆದರೆ ಅವರ ಆಟ ನೋಡಿಬರಲು ಬೀದರಿನಿಂದ ರಾತ್ರಿಯಿಡೀ ಪ್ರಯಾಣ.

ರಹೀಂ ಕೊನೆಯ ಬಾರಿ ಗೆದ್ದದ್ದು ಜಕಾರ್ತದಲ್ಲಿ. 1962ರ ಸೆಪ್ಟೆಂಬರ್ 4ರಂದು ಪಿ.ಕೆ. ಬ್ಯಾನರ್ಜಿ, ಜರ್ನೈಲ್ ಸಿಂಗ್ ಹೊಡೆದ ಗೋಲುಗಳಿಂದ ದಕ್ಷಿಣ ಕೊರಿಯಾ 2–1ರಿಂದ ಸೋತಿತು. ಶ್ವಾಸಕೋಶದ ಕ್ಯಾನ್ಸರ್ ಅವರನ್ನು 1963ರ ಜೂನ್ 11ರಂದು ಕೊಂಡೊಯ್ದಿತು. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು ಅವರು ಹೋಗಿ ಬಹಳ ವರ್ಷಗಳ ಮೇಲೆ, 1985ರಲ್ಲಿ.

ಸಿನಿಮಾ ಅಪ್ಪನ ಕತೆಯಾಯಿತು. ಮಗನ ಕತೆ ಸಿನಿಮಾಕ್ಕೆ ಒಗ್ಗುವಂಥದ್ದಲ್ಲ, ಅದಕ್ಕೇ ನನಗೆ ಅದರ ಮೇಲೆ ಹೆಚ್ಚು ಪ್ರೀತಿ. 1998ರ ವಿಶ್ವಕಪ್‌ನಲ್ಲಿ ಇಟಲಿಯ ತರಬೇತುದಾರ ಚೆಸಾರೆ ಮಾಲ್ದೀನಿ, ನಾಯಕ ಅವರ ಮಗ ಪಾವ್ಲೊ. ಅಲ್ಲಿ ಮಗ ನಾಯಕ, ಇಲ್ಲಿ ಮಗ ಪ್ರೇಕ್ಷಕ. ರಹೀಂ ಮಗನೆಂದೇ ಬಿಗಿ ಹಿಡಿದರೋ, ಮಧ್ಯಮೈದಾನದಲ್ಲಿ ಅವನಿಗಿಂತ ಮೇಲಿನವರು ಇದ್ದರೋ, ಹೊರಗಿನವರು ತೀರ್ಪು ಕೊಡುವುದು ಕಷ್ಟ. ಮನೆಯಲ್ಲಿ ಆ ರಾತ್ರಿಗಳ ಊಟ ಹೇಗಿದ್ದೀತು ಎಂದು ಮಾತ್ರ ಯೋಚನೆ ಬರುತ್ತದೆ.

ಹಕೀಂ ಆಟ ಬಿಡಲಿಲ್ಲ. ಆಟದ ಉಳಿದೆಲ್ಲ ಕೆಲಸವನ್ನೂ ಮಾಡಿದರು. ವಾಯುಪಡೆ ಸೇರಿ ಸ್ಕ್ವಾಡ್ರನ್ ಲೀಡರ್ ಆದರು, ಸರ್ವಿಸಸ್ ತಂಡಕ್ಕೆ ಆಡಿದರು. ಫಿಫಾ ಬ್ಯಾಜಿನ ರೆಫರಿಯಾದರು. 1988ರಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ಗೆ ಭಾರತ ಅರ್ಹತೆಯನ್ನೇ ಪಡೆದಿರಲಿಲ್ಲ, ಆದರೂ ಅಲ್ಲಿ ಸೀಟಿ ಊದುತ್ತ ಹಕೀಂ ಇದ್ದರು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಪಿ.ಕೆ. ಬ್ಯಾನರ್ಜಿಯವರ ಸಹಾಯಕ ತರಬೇತುದಾರ. ರೋಮ್‌ನಲ್ಲಿ ತಂಡದ ನಾಯಕರಾಗಿದ್ದವರು ಇದೇ ಬ್ಯಾನರ್ಜಿ. 1998ರಲ್ಲಿ ಹಕೀಂ ಪಳಗಿಸಿದ ಮಹೀಂದ್ರ ತಂಡ ಈಸ್ಟ್ ಬೆಂಗಾಲನ್ನು ಮಣಿಸಿ ಡ್ಯುರಾಂಡ್ ಕಪ್ ಎತ್ತಿತು. ಅಪ್ಪನ ಪೊಲೀಸ್ ತಂಡ ಆ ಕಪ್ಪನ್ನು ಮೊದಲು ಗೆದ್ದು 48 ವರ್ಷವಾಗಿತ್ತು. ಧ್ಯಾನ್‌ಚಂದ್ ಪ್ರಶಸ್ತಿ ಬಂದಾಗ 2017, ವಯಸ್ಸು 78.

ಆ ವರ್ಷವೇ ಭಾರತದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆದದ್ದು. ಅದಕ್ಕಾಗಿ ದೇಶದ ಮೂಲೆಮೂಲೆಯಲ್ಲಿ ಹುಡುಗರನ್ನು ಹುಡುಕುವ ಯೋಜನೆಗೂ ಹಕೀಮರೇ ನಿರ್ದೇಶಕರಾಗಿದ್ದರು. ಕೊನೆಗೆ ಆಡಿದ 21 ಮಂದಿಯ ತಂಡದಲ್ಲಿ ಎಂಟು ಜನ ಮಣಿಪುರದವರು. ಹೈದರಾಬಾದಿನವರು ಒಬ್ಬರೂ ಇರಲಿಲ್ಲ, ಕಲ್ಯಾಣ ಕರ್ನಾಟಕದವರೂ ಇರಲಿಲ್ಲ.

ಬೀದರ್, ಭಾಲ್ಕಿ, ಔರಾದ್ ಶಾಲೆಗಳ ನಡುವೆ ಒಂದು ಎಡಗಾಲಿನ ಪಂದ್ಯಾವಳಿ ನಡೆಸಲು ಹೆಚ್ಚು ಖರ್ಚೇನೂ ಬಾರದು. ಚೆಂಡು ಬೇಕು, ಮೈದಾನ ಬೇಕು, ನಗುವವರ ಕಡೆ ಕಿವಿಗೊಡದ ಒಬ್ಬ ಪಿ.ಟಿ. ಮೇಷ್ಟ್ರು ಬೇಕು. ಕಪ್ಪಿಗೆ ಎಲ್ಲರೂ ರಹೀಮರ ಹೆಸರನ್ನೇ ಸೂಚಿಸುತ್ತಾರೆ. ನನ್ನನ್ನು ಕೇಳಿದರೆ ಹಕೀಮರದ್ದು.