ಬಾಡಿಗೆ ಕೋಣೆಯಲ್ಲಿ ಗ್ಯಾಸ್ ಒಲೆ

ಅಡ್ಯಾರಿನ ಇಂದಿರಾ ನಗರ, ಕಸ್ತೂರಬಾ ನಗರಗಳಲ್ಲಿಯೂ ಅಲ್ಲಿಂದ ತಿರುವಾನ್ಮಿಯೂರಿನವರೆಗೂ ಮೂರು ನಾಲ್ಕು ಮಂದಿ ಕೂಡಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಅಲ್ಲಿಯೇ ಅಡಿಗೆ, ಅಲ್ಲಿಯೇ ನಿದ್ರೆ ಎಂದು ಕಾಲ ಕಳೆಯುತ್ತಿರುವ ನಮ್ಮವರು ಅನೇಕರಿದ್ದಾರೆ. ದಿನವೂ ಹೋಟೆಲಿನ ಊಟವೆಂದರೆ ಸಂಬಳ ಸಾಲದು. ಸಂಜೆ ಕೆಲಸದಿಂದ ಬಂದು ಒಂದು ಪಾತ್ರೆ ಅನ್ನ, ಒಂದಿಷ್ಟು ಸಾರು ಮಾಡಿಕೊಂಡರೆ ಹೊಟ್ಟೆಗೂ ಹಿತ, ಊರಿಗೆ ಕಳಿಸುವ ಹಣಕ್ಕೂ ಹಿತ. ಹೀಗೆ ಕೋಣೆಗೆ ಗ್ಯಾಸ್ ಒಲೆಯನ್ನು ತರುವವರು ಏನನ್ನು ಕೊಳ್ಳಬೇಕು, ಹೇಗೆ ಜೋಡಿಸಬೇಕು, ಹಾಗೆಯೇ ಏಕೆ ಜೋಡಿಸಬೇಕು ಎಂಬುದನ್ನು ಇಲ್ಲಿ ಬರೆದಿದೆ. ‘ಏಕೆ’ ಎಂಬುದೊಂದು ತಿಳಿದರೆ ಮಿಕ್ಕದ್ದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಸಿಲಿಂಡರಿನಲ್ಲಿ ಗ್ಯಾಸು ಇದೆ ಎಂದು ನಾವು ಹೇಳುತ್ತೇವಾದರೂ ಒಳಗಿರುವುದು ಬಹುಪಾಲು ದ್ರವವೇ. ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳನ್ನು ಒತ್ತಿ ನೀರಿನಂತೆ ಮಾಡಿ ತುಂಬಿರುತ್ತಾರೆ. ಕಚ್ಚಾ ಎಣ್ಣೆಯನ್ನು ಶುದ್ಧಿ ಮಾಡುವ ಕಡೆ ಇವು ದೊರೆಯುತ್ತವೆ. 1969ರಲ್ಲಿ ಆರಂಭವಾದ, ನಮ್ಮ ನಗರದ ಉತ್ತರಕ್ಕಿರುವ ಮಣಲಿಯ ಕಾರ್ಖಾನೆ ಅಂಥದೊಂದು. ಒತ್ತಡ ಹೋದೊಡನೆ ದ್ರವವು ಮತ್ತೆ ಅನಿಲವಾಗಿ ಸುಮಾರು 250 ಪಾಲು ಹಿಗ್ಗುತ್ತದೆ. ಚಿಕ್ಕ ಪಾತ್ರೆಯಲ್ಲಿ ಬಹಳ ದಿನದ ಉರುವಲು ಅಡಗಿರುವುದು ಈ ಗುಣದಿಂದ. ಅಪಾಯವಿರುವುದೂ ಈ ಗುಣದಿಂದಲೇ. ಈ ಅನಿಲಗಳಿಗೆ ಸ್ವತಃ ವಾಸನೆಯೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಕೊಳೆತ ಕೋಸಿನಂತೆ ಮೂಗಿಗೆ ಬಡಿಯುವ ನಾತವು ಮರ್ಕ್ಯಾಪ್ಟನ್ ಎಂಬ ವಸ್ತುವಿನದು. ಸೋರಿಕೆ ನಮಗೆ ಗೊತ್ತಾಗಲೆಂದೇ ಅದನ್ನು ಬೆರೆಸಿರುತ್ತಾರೆ.

ಇನ್ನು ಮುಖ್ಯವಾದ ಮಾತು. ಈ ಗ್ಯಾಸು ಗಾಳಿಗಿಂತ ಭಾರ, ಹೆಚ್ಚುಕಡಿಮೆ ಎರಡು ಪಾಲು. ಸೌದೆಯ ಹೊಗೆ ಮೇಲೆದ್ದು ಹಂಚಿನ ಸಂದಿಯಿಂದ ಹೊರಗೆ ಹೋಗುವುದನ್ನು ನೋಡಿ ಬೆಳೆದ ನಮಗೆ, ಗ್ಯಾಸು ಕೂಡ ಕಿಟಕಿಯಿಂದ ಹೋದೀತೆಂಬ ಭಾವನೆ ಇರುತ್ತದೆ. ಅದು ಹಾಗೆ ಹೋಗುವುದಿಲ್ಲ. ಚೆಲ್ಲಿದ ನೀರಿನಂತೆ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ, ಮೂಲೆಗಳಲ್ಲಿ ನಿಲ್ಲುತ್ತದೆ, ಮಂಚದ ಕೆಳಗೆ ಸೇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಗಾಳಿಯ ನೂರು ಪಾಲಿನಲ್ಲಿ ಸುಮಾರು ಎರಡು ಪಾಲು ಗ್ಯಾಸು ಬೆರೆತರೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಅದು ಸಮನಾಗಿ ಬೆರೆಯಬೇಕಾದರೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಗ್ಯಾಸು ಸೋರಬೇಕು. ಆದರೆ ಅದು ಸಮನಾಗಿ ಬೆರೆಯುವುದಿಲ್ಲವಲ್ಲ! ನೆಲದಿಂದ ಒಂದಡಿಯೊಳಗೆ ಮಾತ್ರ ನಿಂತಿತೆನ್ನಿ. ಆಗ 120 ಗ್ರಾಂ ಸಾಕು. ಬರ್ನರಿನ ತಿರುಪು ಒಂದು ಗಂಟೆಯ ಕಾಲ ತೆರೆದೇ ಉಳಿದರೆ ಹೆಚ್ಚುಕಡಿಮೆ ಅಷ್ಟು ಹೊರಬೀಳುತ್ತದೆ. ಆ ಒಂದಡಿಯೊಳಗೆ ನಮ್ಮ ಕೋಣೆಗಳಲ್ಲಿ ಇರುವುದೇನು? ಚಾಪೆ ಹಾಸಿ ಮಲಗಿದ ನಾವು, ತಲೆದೆಸೆಯಲ್ಲಿ ಹೊಗೆಯಾಡುವ ಸೊಳ್ಳೆಬತ್ತಿ, ಮೂಲೆಯಲ್ಲಿ ದೇವರ ದೀಪ, ಫೋನಿಗೆ ಕರೆಂಟು ತುಂಬಿಸುವ ತಂತಿ. ಅಡ್ಯಾರಿನ ಸೊಳ್ಳೆಯ ಕಾಟ ಬಲ್ಲವರು ಸೊಳ್ಳೆಬತ್ತಿಯನ್ನು ಬಿಡಿ ಎಂದರೆ ಬಿಡುವವರಲ್ಲ. ಆದಕಾರಣ ಒಲೆಯಿರುವ ಕೋಣೆಯಲ್ಲಿ ಮಲಗುವವರು ರಾತ್ರಿ ಅಡಿಗೆ ಮುಗಿದೊಡನೆ ಒಲೆಯ ತಿರುಪನ್ನಷ್ಟೇ ಅಲ್ಲದೆ ಸಿಲಿಂಡರಿನ ಮೇಲಿನ ರೆಗ್ಯುಲೇಟರನ್ನೂ ಮುಚ್ಚಲೇಬೇಕು. ಸೊಳ್ಳೆಬತ್ತಿಗೆ ಕಡ್ಡಿ ಗೀರುವುದು ಆಮೇಲೆ. ಸಂಗಡಿಗರಲ್ಲಿ ಈ ಕೆಲಸ ಯಾರದೆಂದು ಒಬ್ಬರ ಹೆಸರಿಗೆ ಗೊತ್ತು ಮಾಡುವುದು ಒಳ್ಳೆಯದು. ಎಲ್ಲರ ಕೆಲಸವೆಂದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಈಗ ಕೊಳ್ಳುವ ವಿಚಾರ. ನಮ್ಮ ದೇಶದಲ್ಲಿ ಅಡಿಗೆಯ ಗ್ಯಾಸು ಮನೆಗಳಿಗೆ ಬಂದದ್ದು 1955ರಲ್ಲಿ, ಮುಂಬಯಿಯಲ್ಲಿ. ಬಹುಕಾಲ ಅದು ಸ್ವಂತ ಮನೆಯುಳ್ಳವರ ಸೌಕರ್ಯವಾಗಿತ್ತು. ಪರವೂರಿನಲ್ಲಿ ಕೋಣೆ ಹಿಡಿದವನಿಗೆ ವಿಳಾಸದ ದಾಖಲೆಯೇ ಇರುತ್ತಿರಲಿಲ್ಲ, ಆದ್ದರಿಂದ 14.2 ಕಿಲೋ ಸಿಲಿಂಡರು ದೊರೆಯುತ್ತಿರಲಿಲ್ಲ. ಈ ಕೊರತೆಯಿಂದಲೇ ಹುಟ್ಟಿಕೊಂಡದ್ದು ಕಳ್ಳ ವ್ಯಾಪಾರ. ಯಾವ ಮುದ್ರೆಯೂ ಇಲ್ಲದ ಪುಟ್ಟ ಸಿಲಿಂಡರು, ಅದರ ನೆತ್ತಿಗೇ ತಿರುಚಿದ ಬರ್ನರು, ಹಿತ್ತಲಿನಲ್ಲಿ ದೊಡ್ಡ ಸಿಲಿಂಡರಿನಿಂದ ಬಗ್ಗಿಸಿ ತುಂಬಿಕೊಡುವ ಅಂಗಡಿಯವನು. ಈ ಸಾಮಾನನ್ನು ನಮ್ಮ ಎಷ್ಟೋ ಕೋಣೆಗಳಲ್ಲಿ ಕಾಣಬಹುದು. ಇದನ್ನು ಕುರಿತು ಮೆತ್ತಗೆ ಮಾತನಾಡುವುದರಿಂದ ಪ್ರಯೋಜನವಿಲ್ಲ: ಅದು ಕೋಣೆಯಲ್ಲಿ ಇರಕೂಡದು.

ಕಾರಣ ಹೇಳುತ್ತೇನೆ. ಸರಿಯಾದ ಸಿಲಿಂಡರನ್ನು ಎಂದೂ ಕಂಠದವರೆಗೆ ತುಂಬುವುದಿಲ್ಲ. ಬಿಸಿಲಿಗೆ ದ್ರವ ಹಿಗ್ಗಲೆಂದು ಸುಮಾರು ಐದನೆಯ ಒಂದು ಪಾಲು ಜಾಗವನ್ನು ಬಿಟ್ಟಿರುತ್ತಾರೆ. ಹಿತ್ತಲಿನಲ್ಲಿ ತುಂಬುವವನಿಗೆ ಆ ಲೆಕ್ಕವಿಲ್ಲ. ಚೆನ್ನೈಯ ಮೇ ತಿಂಗಳ ಬಿಸಿಲಿನಲ್ಲಿ ಅಂಥ ಪಾತ್ರೆಯ ಒಳಗಿನ ದ್ರವಕ್ಕೆ ಹಿಗ್ಗಲು ಎಡೆಯಿಲ್ಲದೆ ಅದು ಬಿರಿಯಬಹುದು. ಎರಡನೆಯದಾಗಿ, ಅದಕ್ಕೆ ರೆಗ್ಯುಲೇಟರಿಲ್ಲ. ಸಿಲಿಂಡರಿನೊಳಗೆ ಚದರ ಸೆಂಟಿಮೀಟರಿಗೆ ಹಲವು ಕಿಲೋ ಒತ್ತಡವಿರುತ್ತದೆ. ಒಲೆಗೆ ಬೇಕಾದದ್ದು ಸುಮಾರು 30 ಗ್ರಾಂ ಮಾತ್ರ. ಈ ನೂರಾರು ಪಾಲು ವ್ಯತ್ಯಾಸವನ್ನು ತಗ್ಗಿಸುವ ಕೆಲಸ ರೆಗ್ಯುಲೇಟರಿನದು. ಅದಿಲ್ಲದ ಕಡೆ ಒಂದು ಹಳೆಯ ತಿರುಪಿನ ಮೇಲೆ ನಮ್ಮ ಜೀವವನ್ನು ಬಿಟ್ಟಂತೆ. ಮೂರನೆಯದಾಗಿ, ಉರಿಯ ನೇರ ಕೆಳಗೆ ಸಿಲಿಂಡರು! ಇದಕ್ಕೆ ವಿವರಣೆ ಬೇಕಾಗಿಲ್ಲ.

ಈಗ ಕಳ್ಳ ಮಾಲಿಗೆ ಕೈಯೊಡ್ಡಬೇಕಾದ ಅವಸ್ಥೆಯೂ ಇಲ್ಲ. ನಮ್ಮ ಕನ್ನಡದ ಸಾಹಿತಿಗಳೂ ಆದ ವೀರಪ್ಪ ಮೊಯಿಲಿಯವರು ಕೇಂದ್ರದಲ್ಲಿ ಪೆಟ್ರೋಲಿಯಂ ಮಂತ್ರಿಗಳಾಗಿದ್ದ ಕಾಲದಲ್ಲಿ, 2013ರ ಅಕ್ಟೋಬರಿನಲ್ಲಿ, 5 ಕಿಲೋ ಸಿಲಿಂಡರನ್ನು ದೊಡ್ಡ ನಗರಗಳ ಪೆಟ್ರೋಲ್ ಬಂಕುಗಳಲ್ಲಿ ಮಾರುವ ಏರ್ಪಾಡು ಆರಂಭವಾಯಿತು. ಇಂಡಿಯನ್ ಆಯಿಲ್ ಕಂಪನಿಯವರು ತಮ್ಮದಕ್ಕೆ ಆಮೇಲೆ ‘ಛೋಟು’ ಎಂದು ಹೆಸರಿಟ್ಟಿದ್ದಾರೆ. ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ಚೀಟಿಯೊಂದು ಸಾಕು. ಸಹಾಯಧನ ಸಿಗದು, ಕಿಲೋ ಲೆಕ್ಕದಲ್ಲಿ ದೊಡ್ಡ ಸಿಲಿಂಡರಿಗಿಂತ ಬೆಲೆಯೂ ಹೆಚ್ಚು. ಆದರೂ ಅಳತೆ, ಪರೀಕ್ಷೆ, ಮುದ್ರೆ ಎಲ್ಲವೂ ಸರಿಯಾಗಿರುತ್ತವೆ. ಅದರೊಡನೆ ಅದಕ್ಕೆ ಹೊಂದುವ ರೆಗ್ಯುಲೇಟರನ್ನು ಅಲ್ಲಿಯೇ ಕೇಳಿ ಪಡೆಯಿರಿ. ಬೇರೆ ಎಲ್ಲಿಂದಲೋ ತಂದದ್ದನ್ನು ಗುದ್ದಿ ಕೂರಿಸಕೂಡದು.

ಸಿಲಿಂಡರು ಕೈಗೆ ಬಂದೊಡನೆ ಮೇಲ್ಭಾಗದ ಹಿಡಿಯ ಕೆಳಗಿನ ಪಟ್ಟಿಯನ್ನು ಒಳಬದಿಯಿಂದ ನೋಡಿ. ಅಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಎರಡು ಅಂಕಿಗಳೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚಿ, ಬಿ ಎಂದರೆ ಏಪ್ರಿಲಿನಿಂದ ಜೂನು, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರು, ಡಿ ಎಂದರೆ ವರ್ಷದ ಕಡೆಯ ಮೂರು ತಿಂಗಳು. ಅಂಕಿಗಳು ಇಸವಿಯ ಕೊನೆಯವು. ‘ಬಿ 28’ ಎಂದಿದ್ದರೆ 2028ರ ಜೂನಿನೊಳಗೆ ಅದರ ಮುಂದಿನ ಪರೀಕ್ಷೆ ಆಗಬೇಕು. ಆ ಅವಧಿ ಕಳೆದಿದ್ದರೆ ಸಿಲಿಂಡರನ್ನು ತೆಗೆದುಕೊಳ್ಳದೆ ಬೇರೆಯದನ್ನು ಕೇಳಿ.

ಟ್ಯೂಬು ಐ.ಎಸ್.ಐ. ಮುದ್ರೆಯದಾಗಿರಬೇಕು. ಎಣ್ಣೆ ಕಂಪನಿಗಳವರು ಕೊಡುವ ಕಿತ್ತಳೆ ಬಣ್ಣದ ‘ಸುರಕ್ಷಾ’ ಟ್ಯೂಬಿನೊಳಗೆ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ. ಇಲಿ ಹಲ್ಲು ಹಾಕಿದರೂ ಸುಲಭವಾಗಿ ತೂತು ಬೀಳದು. ಅದಕ್ಕೆ ಐದು ವರ್ಷ ಆಯುಸ್ಸು. ಒಂದೂವರೆ ಮೀಟರಿಗಿಂತ ಉದ್ದ ಬೇಡ. ನಡುವೆ ಗಂಟು, ಜೋಡಣೆ ಬೇಡ.

ಜೋಡಿಸುವ ಮುನ್ನ ಕಿಟಕಿ ಬಾಗಿಲು ತೆರೆದು, ದೀಪ, ಊದುಬತ್ತಿ, ಬೀಡಿ ಎಲ್ಲವನ್ನೂ ಆರಿಸಿ. ಸಿಲಿಂಡರು ನೆಲದ ಮೇಲೆ ನೆಟ್ಟಗೆ ನಿಲ್ಲಬೇಕು. ಮಲಗಿಸಿದರೆ ಗ್ಯಾಸಿನ ಬದಲು ದ್ರವವೇ ಹೊರಬಂದೀತು. ಕಪಾಟಿನೊಳಗೆ, ಕಟ್ಟೆಯ ಕೆಳಗಿನ ಬಾಗಿಲು ಹಾಕಿದ ಗೂಡಿನಲ್ಲಿ ಇಡಬಾರದು. ಏಕೆಂದು ವಾಚಕರೇ ಈಗ ಹೇಳಬಲ್ಲರು. ಒಲೆಯು ಸಿಲಿಂಡರಿಗಿಂತ ಎತ್ತರದಲ್ಲಿ, ಕಲ್ಲಿನ ಕಟ್ಟೆಯ ಮೇಲಿರಬೇಕು. ಕೋಣೆಯಲ್ಲಿ ಕಟ್ಟೆಯಿಲ್ಲದಿದ್ದರೆ ಗಟ್ಟಿಯಾದ ಒಂದು ಮೇಜಿನ ಮೇಲೆ ಕಡಪಾ ಕಲ್ಲಿನ ತುಂಡನ್ನು ಹಾಸಿಕೊಂಡರೂ ಆದೀತು.

ಮೊದಲು ಟ್ಯೂಬಿನ ಒಂದು ತುದಿಯನ್ನು ಒಲೆಯ ಮೂತಿಗೂ ಇನ್ನೊಂದನ್ನು ರೆಗ್ಯುಲೇಟರಿನ ಮೂತಿಗೂ ಬುಡದವರೆಗೆ ತಳ್ಳಿ. ಬಿಗಿಯಾಗಿದ್ದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳಬಹುದು, ಎಣ್ಣೆ ಸವರಬಾರದು. ಟ್ಯೂಬು ಒಲೆಯ ಹಿಂದಿನಿಂದ ಉರಿಯ ಹತ್ತಿರ ಹಾಯದೆ ಪಕ್ಕದಿಂದ ಇಳಿಯಲಿ. ಬಳಿಕ ಸಿಲಿಂಡರಿನ ಮುಚ್ಚಳವನ್ನು ದಾರ ಹಿಡಿದೆಳೆದು ತೆಗೆದು, ಬಾಯಿಯೊಳಗೆ ಕಪ್ಪು ರಬ್ಬರಿನ ಉಂಗುರ ಇದೆಯೇ, ಹರಿಯದೆ ಇದೆಯೇ ಎಂದು ನೋಡಿ. ಅದಿಲ್ಲದಿದ್ದರೆ ಮುಚ್ಚಳ ಹಾಕಿ ಹಿಂದಕ್ಕೆ ಕಳಿಸಿ. ರೆಗ್ಯುಲೇಟರಿನ ತಿರುಪು ಮುಚ್ಚಿದ ಸ್ಥಾನದಲ್ಲಿರುವಾಗ, ಅದರ ಕೆಳಗಿನ ಕಪ್ಪು ಬಳೆಯನ್ನು ಮೇಲಕ್ಕೆತ್ತಿ ಹಿಡಿದು, ಸಿಲಿಂಡರಿನ ಬಾಯಿಯ ಮೇಲೆ ಕೂರಿಸಿ ಒತ್ತಿ ಬಳೆಯನ್ನು ಬಿಡಿ. ‘ಟಕ್’ ಎಂದು ಸದ್ದಾಗಬೇಕು. ಮೇಲಕ್ಕೆ ಮೆಲ್ಲಗೆ ಜಗ್ಗಿ ನೋಡಿ; ಬರಬಾರದು.

ಇನ್ನು ಪರೀಕ್ಷೆ. ಸೋಪಿನ ನೊರೆನೀರನ್ನು ಬಟ್ಟೆಯಿಂದ ಎರಡೂ ಮೂತಿಗಳಿಗೆ, ರೆಗ್ಯುಲೇಟರಿನ ಸುತ್ತಲಿಗೆ ಹಚ್ಚಿ, ಒಲೆಯ ತಿರುಪುಗಳನ್ನು ಮುಚ್ಚಿಯೇ ಇಟ್ಟು ರೆಗ್ಯುಲೇಟರನ್ನು ತೆರೆಯಿರಿ. ಗುಳ್ಳೆ ಏಳತೊಡಗಿದರೆ ಸೋರುತ್ತಿದೆಯೆಂದರ್ಥ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಮಹಾಶಯರು ಈಗಲೂ ಇದ್ದಾರೆ. ಅವರಿಗೆ ಸೋರಿಕೆ ಸಿಗುವುದೂ ಉಂಟು, ಆದರೆ ಆಮೇಲೆ ಅದನ್ನು ಹೇಳಲು ಅವರು ಸಿಗಬೇಕು.

ಹೊತ್ತಿಸುವಾಗ ಕಡ್ಡಿ ಮುಂದು, ತಿರುಪು ಹಿಂದು. ಲೈಟರಿನಲ್ಲಿ ಎರಡು ಮೂರು ಬಾರಿ ಕಿಡಿ ಹತ್ತದಿದ್ದರೆ ತಿರುಪು ಮುಚ್ಚಿ ಒಂದೆರಡು ನಿಮಿಷ ತಡೆಯಿರಿ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರಿನ ತೂತುಗಳು ಕಟ್ಟಿ ಗಾಳಿ ಸಾಲದೆ ಬಂದಿದೆ ಎಂದು ತಿಳಿದು ತೊಳೆದು ಒಣಗಿಸಬೇಕು. ಹಾಗೆ ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಈಶಾನ್ಯ ಮಳೆಗಾಲದಲ್ಲಿ ಎರಚಲಿಗೆ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಅಡಿಗೆ ಮಾಡುವ ಅಭ್ಯಾಸ ಇದರಿಂದಲೇ ಕೆಟ್ಟದ್ದು. ಹಾಲು ಉಕ್ಕಿ ಉರಿ ನಂದಿದರೆ ಗ್ಯಾಸು ಮಾತ್ರ ಬರುತ್ತಲೇ ಇರುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಾಗಿಲ ಬಳಿ ಫೋನಿನಲ್ಲಿ ಊರಿನ ಸಮಾಚಾರ ಕೇಳುವವರು ಇದನ್ನು ಗಮನಿಸಬೇಕು.

ಕೊಡಗು, ಮಲೆನಾಡಿನ ಕಡೆಯ ಮಿತ್ರರ ವಿಷಯ ಬೇರೆ. ಊರಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸದ ರುಚಿ ಅವರ ನಾಲಗೆಯಿಂದ ಹೋಗಿರುವುದಿಲ್ಲ. ಗ್ಯಾಸಿಗೆ ಹೊಗೆಯಿಲ್ಲ. ಅದಕ್ಕಾಗಿ ಈಗ ಹೊಗೆಪೆಟ್ಟಿಗೆಗಳು ಬಂದಿವೆ: ಕೆಳಗೆ ಗ್ಯಾಸಿನ ಬರ್ನರು, ಅದರ ಮೇಲೆ ಮರದ ಚೂರುಗಳನ್ನಿಟ್ಟ ಕಬ್ಬಿಣದ ತಟ್ಟೆ, ಅದರ ಮೇಲೆ ನೀರಿನ ತಟ್ಟೆ, ಮೇಲೆ ಸರಳುಗಳು, ನೆತ್ತಿಯಲ್ಲಿ ಹೊಗೆ ಹೋಗುವ ಕಿಂಡಿ. ಚೂರುಗಳು ಉರಿಯದೆ ಕನಲಿ ಹೊಗೆಯಾಡುತ್ತವೆ. ಇಳಿಯುವ ಕೊಬ್ಬು ಉರಿಗೆ ಬೀಳದಂತೆ ನೀರಿನ ತಟ್ಟೆ ತಡೆಯುತ್ತದೆ. ಇದರ ಜೋಡಣೆ ಮೇಲೆ ಹೇಳಿದಂತೆಯೇ. ವಿಶೇಷವೆಂದರೆ, ಈ ಪೆಟ್ಟಿಗೆಯೇ ಒಂದು ಪುಟ್ಟ ಮುಚ್ಚಿದ ಕೋಣೆ. ಬಾಗಿಲು ಹಾಕಿ ಹೊತ್ತಿಸಿದರೆ ತುಂಬಿದ ಗ್ಯಾಸು ಮುಖಕ್ಕೆ ಸಿಡಿಯುತ್ತದೆ. ಆದ್ದರಿಂದ ಬಾಗಿಲು ತೆರೆದೇ ಹೊತ್ತಿಸಬೇಕು. ನಡುವೆ ಉರಿ ನಂದಿದರೆ ಮುಚ್ಚಿ, ಐದು ನಿಮಿಷ ಬಾಗಿಲು ತೆರೆದಿಟ್ಟು ಅನಂತರ ಹೊತ್ತಿಸಬೇಕು. ಬಯಲಾದ ತಾರಸಿಯ ಮೇಲೆ, ಮನೆಯೊಡೆಯರ ಒಪ್ಪಿಗೆಯಿದ್ದರೆ ಮಾತ್ರ ಈ ಕೆಲಸ. ಮಳೆ ಬಂತೆಂದು ಒಳಗೆ ತರಕೂಡದು. ಕನಲುವ ಮರವೂ ಅದೇ ವಿಷವಾಯುವನ್ನು ಬಿಡುತ್ತದೆ.

ಕೋಣೆಯಲ್ಲಿ ಗ್ಯಾಸಿನ ನಾತ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲಿಯೂ ಕಿಡಿ ಹಾರುತ್ತದೆ. ಫ್ಯಾನು ತಿರುಗುತ್ತಿದ್ದರೆ ತಿರುಗಲಿ. ಉರಿಯುವುದನ್ನು ನಂದಿಸಿ, ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮಲಗಿದವರನ್ನು ಎಬ್ಬಿಸಿ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಫೋನು: 1906. ಇದು ಗ್ಯಾಸ್ ಸೋರಿಕೆಗೆಂದೇ 2016ರಿಂದ ಇರುವ ಸಂಖ್ಯೆ, ಹಗಲು ರಾತ್ರಿ ದೊರೆಯುತ್ತದೆ. ತಮಿಳು ಬಾರದೆಂದು ಹಿಂಜರಿಯಬೇಕಿಲ್ಲ. ‘ಗ್ಯಾಸ್ ಲೀಕ್ ಆಗುದು’ ಎಂದರೆ ತಮಿಳೂ ಆಯಿತು, ಮುಕ್ಕಾಲು ಕನ್ನಡವೂ ಆಯಿತು. ಬೆಂಕಿಯೇ ಹತ್ತಿದರೆ 101. ಮೈ ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಿ. ಶಾಯಿ, ಹಲ್ಲುಜ್ಜುವ ಪೇಸ್ಟು ಬೇಡ. ಹೆಚ್ಚಿನ ಗಾಯವಾದರೆ 108ಕ್ಕೆ ಹೇಳಿ. ಕಿಲ್ಪಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಸುಟ್ಟ ಗಾಯಗಳಿಗೆ ಪ್ರತ್ಯೇಕ ವಿಭಾಗವಿದೆ.

2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಬಂದುದು ಇಲ್ಲಿನ ಹಳಬರಿಗೆ ನೆನಪಿದೆ. ನೀರು ಮನೆಯೊಳಗೆ ಬರುವ ಸೂಚನೆ ಕಂಡರೆ ರೆಗ್ಯುಲೇಟರನ್ನು ಬಿಚ್ಚಿ, ಮುಚ್ಚಳ ಹಾಕಿ, ಸಿಲಿಂಡರನ್ನು ಎತ್ತರದಲ್ಲಿ ಇಡಬೇಕು. 14.2 ಕಿಲೋ ಸಿಲಿಂಡರು ತುಂಬಿದ್ದರೂ ಒಟ್ಟು ತೂಕ ಸುಮಾರು 30 ಕಿಲೋ. ಅದು ಸರಿಸುವ ನೀರು 33 ಲೀಟರಿಗೂ ಹೆಚ್ಚು. ಹಾಗಾಗಿ ತೇಲುತ್ತದೆ, ತೇಲಿ ಟ್ಯೂಬನ್ನು ಕಿತ್ತುಕೊಳ್ಳುತ್ತದೆ. ಬಿಚ್ಚಿದ ಮುಚ್ಚಳವನ್ನು ಎಸೆಯದೆ ಸಿಲಿಂಡರಿಗೇ ಕಟ್ಟಿಡಬೇಕೆನ್ನುವುದು ಇದಕ್ಕಾಗಿ.

ಕಡೆಯದಾಗಿ, ಕೆಲಸ ಬಿಟ್ಟು ಊರಿಗೆ ಹೊರಡುವವರು ಸಿಲಿಂಡರನ್ನು ಸಾಮಾನಿನ ಜೊತೆಗೆ ರೈಲಿಗೆ ಹತ್ತಿಸುವ ಯೋಚನೆ ಮಾಡಬಾರದು. 2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೆಯ ನಿಲ್ದಾಣದ ಬಳಿ ನಿಲ್ಲಿಸಿದ್ದ ಯಾತ್ರಿಕರ ಡಬ್ಬಿಯೊಂದರಲ್ಲಿ, ಕದ್ದು ತಂದಿದ್ದ ಸಿಲಿಂಡರಿನಿಂದ ಚಹಾ ಕಾಸಲು ಹೊರಟಾಗ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ರೈಲಿನಲ್ಲಿ ಅದನ್ನು ಒಯ್ಯುವುದು ಅಪರಾಧ. 5 ಕಿಲೋ ಸಿಲಿಂಡರನ್ನು ಅದೇ ಕಂಪನಿಯ ಮಾರಾಟದ ಸ್ಥಳಕ್ಕೆ ಮರಳಿಸಿದರೆ ನಿಗದಿಯಾದ ಹಣ ಹಿಂದಕ್ಕೆ ಬರುತ್ತದೆ. ಕೊಂಡಾಗಿನ ರಸೀತಿಯನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರಿ.