ನಿಮಗಿದು ಗೊತ್ತೇ? ಅಂಗಡಿಯ ಹೆಸರು, ಕಳ್ಳನ ಕರೆ

ಮದುವೆ ಸೀರೆಗೆಂದು ಬೆಂಗಳೂರು, ಮೈಸೂರಿನಿಂದಲೂ ಜನ ಚೆನ್ನೈನ ಟಿ. ನಗರಕ್ಕೆ ಹೋಗುತ್ತಾರೆ. ಅಲ್ಲಿಯ ‘ನಲ್ಲಿ’ ಸೀರೆ ಅಂಗಡಿ ಶುರುವಾದದ್ದು 1928ರಲ್ಲಿ. ಅಂಥ ಹೆಸರು ಗಳಿಸಲು ತಲೆಮಾರುಗಳೇ ಬೇಕು. ಹೆಸರಾಂತ ಅಂಗಡಿಯವರಂತೆ ಫೋನಿನಲ್ಲಿ ಮಾತಾಡಿ ನಂಬಿಸಲು ವಂಚಕನಿಗೆ ಅರ್ಧ ನಿಮಿಷ ಸಾಕು.

● ‘ನಮ್ಮಲ್ಲಿ ಸೀರೆ ಕೊಂಡಿದ್ದಿರಲ್ಲ, ಲಕ್ಕಿ ಡ್ರಾದಲ್ಲಿ ಕಾರು ಬಂದಿದೆ’ ಎಂದು ಕರೆ ಬಂತೇ? ಸರಕು ಕೊಂಡವರಿಗೆ ಚೀಟಿ ಎತ್ತಿ ಬಹುಮಾನ ಕೊಡುವ ಯೋಜನೆಗಳನ್ನು ತಮಿಳುನಾಡು 1979ರ ಕಾಯ್ದೆಯಿಂದಲೇ ನಿಷೇಧಿಸಿದೆ. ದೇಶದ ದೊಡ್ಡ ಕಂಪನಿಗಳ ಬಹುಮಾನದ ಜಾಹೀರಾತುಗಳ ಕೆಳಗೆ ‘ತಮಿಳುನಾಡಿಗೆ ಅನ್ವಯಿಸುವುದಿಲ್ಲ’ ಎಂದು ಸಣ್ಣಕ್ಷರದಲ್ಲಿ ಇರುವುದು ಇದಕ್ಕೇ.

● ‘ಮೊದಲು ಜಿಎಸ್‌ಟಿ ಕಟ್ಟಿ, ಆಮೇಲೆ ಬಹುಮಾನ’ ಎಂದರೆ ಅಲ್ಲಿಗೇ ಫೋನ್ ಇಡಿ. ತೆರಿಗೆ ಸೇರಬೇಕಾದದ್ದು ಸರ್ಕಾರಕ್ಕೆ, ಯಾರದೋ ಯುಪಿಐ ನಂಬರಿಗಲ್ಲ.

● ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ‘ಸೀರೆಯ ರಿಫಂಡ್ ಬಂದಿದೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂಬ ಮಾತು ಕೇಳಿ ಪಿನ್ ಒತ್ತಿದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದಲೇ.

● ‘ಡೆಲಿವರಿ ಹುಡುಗನಿಗೆ ಮನೆ ಸಿಗುತ್ತಿಲ್ಲ, ಈ ನಂಬರ್ ಒತ್ತಿ’ ಎಂದು *21* ಅಥವಾ *401* ಎಂದು ಶುರುವಾಗುವ ಸಂಖ್ಯೆ ಹೇಳುತ್ತಾರೆ. ಅದರ ಹಿಂದಿರುವ ಹತ್ತು ಅಂಕಿ ವಂಚಕನ ಮೊಬೈಲ್. ಒತ್ತಿದರೆ ನಿಮಗೆ ಬರುವ ಕರೆಗಳು ಅವನಿಗೆ ಹೋಗುತ್ತವೆ. ಕರೆಯಲ್ಲಿ ಓದಿ ಹೇಳುವ ಓಟಿಪಿಯೂ ಅವನ ಕಿವಿಗೇ. ಒತ್ತಿಬಿಟ್ಟಿದ್ದರೆ ಕೂಡಲೇ ##002# ಡಯಲ್ ಮಾಡಿ ರದ್ದುಪಡಿಸಿ.

● +91 ಎಂದು ಕಂಡ ಮಾತ್ರಕ್ಕೆ ಕರೆ ಭಾರತದ್ದೇ ಎಂದುಕೊಳ್ಳಬೇಡಿ. ವಿದೇಶದಿಂದ ಹಾಗೆ ನಂಬರ್ ಮರೆಮಾಚಿ ಬರುವ ಕರೆಗಳನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಪ್ರತ್ಯೇಕ ವ್ಯವಸ್ಥೆ ತರಬೇಕಾಯಿತು.

● ಹಣ ಹೋಗದಿದ್ದರೂ ದೂರು ಕೊಡಬಹುದು. ಅನುಮಾನದ ಕರೆ, ಮೆಸೇಜುಗಳಿಗಾಗಿ ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ‘ಚಕ್ಷು’ ಸೌಲಭ್ಯ 2024ರ ಮಾರ್ಚ್‌ನಿಂದ ಇದೆ. ನಿಮ್ಮ ಒಂದು ದೂರು ಇನ್ನೊಂದು ಮನೆಯನ್ನು ಉಳಿಸೀತು.

● ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಚೆನ್ನೈಗಾಗಲಿ ಬೆಂಗಳೂರಿಗಾಗಲಿ ನಂಬರ್ ಒಂದೇ. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಸಬೇಕು, ಪ್ರತಿ ನಿಮಿಷವೂ ಮುಖ್ಯ.

● ಓಟಿಪಿ ಕೊಟ್ಟದ್ದು ನೀವೇ ಆಗಿದ್ದರೂ ನಾಚಿಕೊಂಡು ಸುಮ್ಮನಿರಬೇಡಿ. ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು ಎನ್ನುತ್ತದೆ 2017ರಿಂದಲೂ ಇರುವ ರಿಸರ್ವ್ ಬ್ಯಾಂಕಿನ ನಿಯಮ.

● ಬೇರೆಯವರ ಸೋಗಿನಲ್ಲಿ ಫೋನ್ ಅಥವಾ ಕಂಪ್ಯೂಟರ್ ಬಳಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

● ಕರೆ ಅಂಗಡಿಯದ್ದೇ ಇರಬಹುದು ಎನಿಸಿದರೆ? ಬಂದ ನಂಬರಿಗೇ ತಿರುಗಿ ಮಾಡಬೇಡಿ. ಇಂಟರ್‌ನೆಟ್‌ನಲ್ಲಿ ಹುಡುಕಿದರೂ ನಕಲಿ ಕಸ್ಟಮರ್ ಕೇರ್ ನಂಬರ್ ಸಿಗಬಹುದು. ಬೀರುವಿನಲ್ಲಿ ಸೀರೆಯ ಜೊತೆ ಮಡಚಿಟ್ಟ ಬಿಲ್ ಇರುತ್ತದಲ್ಲ, ಅದರ ಮೇಲೆ ಅಚ್ಚಾದ ನಂಬರಿಗೆ ಮಾಡಿ ಕೇಳಿ. ಅಮ್ಮ, ಅಜ್ಜಿಗೂ ಇವತ್ತೇ ಅದನ್ನು ತೋರಿಸಿಕೊಡಿ.